ದರ್ವೀಶನ ಗುಂಡಿಯ ಸುಣ್ಣ

ವಜೀಹಾ ಇಂಜಿನಿಯರ್ ನಜ್ಮಿಯನ್ನು ಮೊದಲ ಸಲ ಕಂಡಾಗ ಅವನು ಅವಳ ಅಪ್ಪನ ಸುಣ್ಣದ ಗುಂಡಿಯ ಮೇಲೆ ನಿಂತಿದ್ದ.

ಏಪ್ರಿಲ್ ತಿಂಗಳ ಬೆಳಗ್ಗೆ. ಬಾದಾಮಿ ಮರಗಳ ಹೂ ಉದುರಿ ಎಳೆಕಾಯಿ ಕಚ್ಚಿದ್ದವು. ಹತ್ತೊಂಬತ್ತರ ವಜೀಹಾ ಗುಡ್ಡದಿಂದ ಮುಳ್ಳುಕಂಟಿಯ ಹೊರೆ ಹೊತ್ತು ಇಳಿಯುತ್ತಿದ್ದಳು. ಸುಣ್ಣದ ಭಟ್ಟಿಗೆ ಆ ಕಂಟಿಯೇ ಆಗಬೇಕು, ಬೇರೆ ಸೌದೆಯ ಬೆಂಕಿಗೆ ಅಷ್ಟು ನಾಲಗೆ ಇರುವುದಿಲ್ಲ. ಹೊರೆ ಕಣ್ಣಿನವರೆಗೆ ಜಾರಿದ್ದರಿಂದ ಅವಳಿಗೆ ಮೊದಲು ಕಂಡದ್ದು ಎರಡು ಷೂಗಳು. ಕಂದು ಬಣ್ಣದವು. ಮೂತಿಯ ಮೇಲೆ ಸಣ್ಣ ಸಣ್ಣ ತೂತುಗಳ ಚಿತ್ತಾರ. ಆಮೇಲೆ ಇಸ್ತ್ರಿಯ ಗೆರೆ ಮುರಿಯದ ಪ್ಯಾಂಟು, ಜೇಬಿನಲ್ಲಿ ಎರಡು ಪೆನ್ನು, ಕೈಯಲ್ಲಿ ಅಳತೆಯ ಕೋಲು. ಗುಂಡಿಗೆ ಮುಚ್ಚಿದ್ದ ಹಲಗೆಗಳು ಅವನ ಕಾಲಡಿ ಕಿರುಗುಟ್ಟುತ್ತಿದ್ದವು.

"ಇಳೀರಿ ಸಾಹೇಬ್ರೇ! ಹಲಗೆ ಮುರಿದ್ರೆ ಬೆಣ್ಣೆಯೊಳಗೆ ಬೀಳ್ತೀರ" ಎಂದು ಹೊರೆಯ ಕೆಳಗಿನಿಂದಲೇ ಕೂಗಿದಳು.

"ಬೆಣ್ಣೆ ಕಾಯೋಳು ನೀನೇನಾ?"

"ಹೂಂ. ಬೆಕ್ಕು ಬಂದ್ರೆ ಓಡಿಸೋಳೂ ನಾನೇ."

ಅವನು ನಕ್ಕ. ಇಳಿದ. ಇಳಿದವನು ಸುಮ್ಮನಿರದೆ ಒಂದು ಹಲಗೆ ಸರಿಸಿ ಕೋಲನ್ನು ಒಳಗೆ ಚುಚ್ಚಿದ. ಮೇಲೆ ನಿಂತಿದ್ದ ನೀರು ಕದಡಿತು. ಕೋಲಿನ ತುದಿಯಲ್ಲಿ ಗಟ್ಟಿ ಮೊಸರಿನಂಥ ಬಿಳಿ ಮುದ್ದೆ ಎದ್ದು ಬಂತು. ಅಷ್ಟರಲ್ಲಿ ಅವಳ ಅಪ್ಪ ದರ್ವೀಶ್ ಭಟ್ಟಿಯ ಕಡೆಯಿಂದ ಓಡಿ ಬಂದು, ತನ್ನ ತಲೆವಸ್ತ್ರದಿಂದಲೇ ಆ ಕೋಲನ್ನು ಒರೆಸಿಕೊಟ್ಟ. ಅದು ವಜೀಹಾಳಿಗೆ ಹಿಡಿಸಲಿಲ್ಲ.

"ಎಷ್ಟು ವರ್ಷದ್ದು?" ಎಂದ ಇಂಜಿನಿಯರ್.

"ಐದು ವರ್ಷದ್ದು ಸಾಹೇಬ್ರೇ. ಇನ್ನೂ ಹಸುಗೂಸು. ನಮ್ಮಪ್ಪ ಅರಳಿಸಿಟ್ಟಿದ್ದನ್ನ ನಾನು ತೆಗೆದು ಮಾರಿದೆ. ಇದನ್ನ ಮಾರೋದು ಇವಳು."

ನಜ್ಮಿ ಒಂದು ಚಿಟಿಕೆ ಸುಣ್ಣವನ್ನು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಉಜ್ಜಿ ನೋಡಿದ. "ಇಂಥದ್ದು ನಾನು ಡಮಾಸ್ಕಸ್‌ನಲ್ಲೂ ನೋಡಿಲ್ಲ" ಎಂದ. ಪುಸ್ತಕ ತೆಗೆದು 'ಐದು ವರ್ಷ' ಎಂದು ಬರೆದುಕೊಂಡ. ವಜೀಹಾಳಿಗೆ ಓದು ಬಾರದು, ಆದರೆ ಅಂಕೆ ಗೊತ್ತು. ಐದನ್ನು ಅವಳು ನೋಡಿದಳು. ಹಾಳೆಯ ಅಂಚಿನಲ್ಲಿ ಅವನ ಹೆಬ್ಬೆರಳಿನ ಗುರುತು ಬೆಳ್ಳಗೆ ಮೂಡಿದ್ದನ್ನೂ ನೋಡಿದಳು.

ಮುಂದಿನ ಇಪ್ಪತ್ತಮೂರು ವರ್ಷ ಅವಳು ಬದುಕಿದ್ದು ಆ ಹೆಬ್ಬೆರಳಿನ ಗುರುತಿನ ಮೇಲೆ ಎಂದರೆ ತಪ್ಪಾಗದು.

ನಜ್ಮಿ ಬಂದದ್ದು ಕೋಟೆಯ ಕೆಲಸಕ್ಕೆ. ಮರ್ಸದ್ ಕೋಟೆ ಹಳ್ಳಿಯ ನೆತ್ತಿಯ ಮೇಲೆಯೇ ಇದೆ. ಎಂಟುನೂರು ವರ್ಷದ ಹಿಂದೆ ಯಾರೋ ಅಮೀರ ಕಟ್ಟಿಸಿದ್ದು, ಆಮೇಲೆ ಈಜಿಪ್ಟಿನ ಸುಲ್ತಾನ ಗೆದ್ದು ಇನ್ನಷ್ಟು ಎತ್ತರಿಸಿದ್ದು. ಸುಲ್ತಾನನ ಹೆಸರು ಹೊರಬಾಗಿಲ ಮೇಲೆ ಆಳೆತ್ತರದ ಅಕ್ಷರಗಳಲ್ಲಿದೆ. ಕಟ್ಟಿದ ಮೇಸ್ತ್ರಿಯದು ಕೆಳಗಿನ ಮೂಲೆಗಲ್ಲಿನ ಮೇಲೆ, ಕೂತು ನೋಡಿದರೆ ಕಾಣುವಷ್ಟು. ಮರ್ಸದ್‌ನವರು ಮುಟ್ಟಿ ಮುತ್ತಿಡುವುದು ಮೂಲೆಗಲ್ಲನ್ನೇ. ಹೊರಬಾಗಿಲ ನೆತ್ತಿಯಲ್ಲಿ ಒಂದು ಉದ್ದನೆಯ ಕಂಡಿ ಇದೆ. ಮುತ್ತಿಗೆ ಹಾಕಿದವರು ಬಾಗಿಲಿಗೆ ಬಂದರೆ ಒಳಗಿನವರು ಅದರಿಂದ ಕಲ್ಲು ಉರುಳಿಸುತ್ತಿದ್ದರು. ಕಲ್ಲು ಮುಗಿದ ಮೇಲೆ ನೀರು ಕಾಣದ, ಅರಳದ ಸುಣ್ಣದ ಪುಡಿ ಸುರಿದು ಕಣ್ಣು ಸುಟ್ಟರಂತೆ. "ಆ ಸುಣ್ಣ ಸುಟ್ಟಿದ್ದು ನಮ್ಮ ಮನೆತನದವರೇ" ಎಂದು ದರ್ವೀಶ್ ಮಗಳಿಗೆ ಎಷ್ಟು ಸಲ ಹೇಳಿದ್ದನೋ. ಕಲ್ಲಾಸ್ ಎಂಬುದು ಅವರ ಮನೆತನದ ಹೆಸರು. ಸುಣ್ಣ ಸುಡುವವರು ಎಂದೇ ಅರ್ಥ.

ಹೊರಬಾಗಿಲು ದಾಟಿ ಬಲಕ್ಕೆ ತಿರುಗಿದರೆ ಒಳಬಾಗಿಲು. ಅದರ ಕಮಾನು ಹಿಂದೊಂದು ಭೂಕಂಪದಲ್ಲಿ ಬಿದ್ದಿತ್ತು. ಅದನ್ನು ಎತ್ತಿ ನಿಲ್ಲಿಸಲು ಸರ್ಕಾರ ನಜ್ಮಿಯನ್ನು ಕಳಿಸಿತ್ತು. ಕಲ್ಲಿನ ಕೆಲಸ ಮೇಸ್ತ್ರಿ ಹಮ್ದಾನನದು, ಸುಣ್ಣ ದರ್ವೀಶನದು. ಹಮ್ದಾನನ ಮಗ ಜದ್ಆನನಿಗೂ ವಜೀಹಾಳಿಗೂ ಮಾತು ಗಟ್ಟಿಯಾಗಿತ್ತು. ಜದ್ಆನ್ ಆಗ ಸೈನ್ಯದಲ್ಲಿದ್ದ. ಬಂದ ಕೂಡಲೇ ಮದುವೆ.

ಅಕ್ಟೋಬರ್‌ನಲ್ಲಿ ಕಮಾನಿನ ನೆತ್ತಿಗಲ್ಲು ಕೂತಿತು. ಕುರಿ ಕೊಯ್ದರು. ಇನ್ನು ನಲವತ್ತು ದಿನ ಅಡಿಯ ಮರದ ಸೆಂಟ್ರಿಂಗ್ ಮುಟ್ಟಬಾರದು. ಬಾಣಂತಿಗೂ ನಲವತ್ತು, ಸತ್ತವರಿಗೂ ನಲವತ್ತು, ಕಮಾನಿಗೂ ನಲವತ್ತು. ಅದು ಮುಗಿದ ಮೇಲೆ ಬೆಣೆ ಹೊಡೆದು ಸೆಂಟ್ರಿಂಗ್ ಇಳಿಸುವಾಗ ಕಟ್ಟಿದ ಮೇಸ್ತ್ರಿ ಕಮಾನಿನ ಕೆಳಗೆ ನಿಲ್ಲಬೇಕು. ಕಟ್ಟಿದವನಿಗೇ ನಂಬಿಕೆಯಿಲ್ಲದಿದ್ದರೆ ಹಾದು ಹೋಗುವವರಿಗೆ ಹೇಗೆ ಬರಬೇಕು? ಮರ್ಸದ್‌ನಲ್ಲಿ ಇದು ಯಾರೂ ಬರೆದಿಡದ ಕಾನೂನು.

ಎಂಟನೆಯ ದಿನ ಪಟ್ಟಣದಿಂದ ತಂತಿ ಬಂತು. ಪ್ರಾಂತ್ಯದ ದೊಡ್ಡ ಅಧಿಕಾರಿ ಮಾರನೆಯ ದಿನ ಕೋಟೆ ನೋಡಲು ಬರುತ್ತಾರೆ.

"ನಾಳೆ ಇಳಿಸಿ" ಎಂದ ನಜ್ಮಿ.

"ಸಾಹೇಬ್ರೇ, ನಲವತ್ತು ದಿನ" ಎಂದ ಹಮ್ದಾನ್.

"ನಿನ್ನ ನಲವತ್ತು ಅಜ್ಜಿ ಕಥೆ ಕಣಯ್ಯ. ಸುಣ್ಣ ಚೆನ್ನಾಗಿದ್ರೆ ಒಂಬತ್ತು ದಿನ ಸಾಕು. ನಾನು ಓದಿದೀನಿ. ಇಳಿಸ್ತೀಯೋ, ಬೇರೆ ಮೇಸ್ತ್ರೀನ ಕರೆಸ್ಲೋ?"

ಈ ಮಾತು ನಡೆದದ್ದು ಗಾರೆ ಕಲಸುವ ಜಾಗದಲ್ಲಿ. ಕೇಳಿದವರು ಇಬ್ಬರೇ, ದರ್ವೀಶ್ ಮತ್ತು ನೀರು ತಂದಿದ್ದ ವಜೀಹಾ. ಮಾರನೆಯ ದಿನ ಹಮ್ದಾನ್ ಪದ್ಧತಿಯಂತೆ ಕಮಾನಿನ ಕೆಳಗೆ ನಿಂತ. ನಜ್ಮಿ ಇಪ್ಪತ್ತು ಹೆಜ್ಜೆ ಆಚೆ, ಅಧಿಕಾರಿಯ ಎಡಗಡೆ, ಫೋಟೋ ತೆಗೆಯುವವನಿಗೆ ಮುಖ ಕೊಟ್ಟು ನಿಂತ. ಮೂರನೆಯ ಬೆಣೆಗೆ ಕಮಾನು ಕುಸಿಯಿತು. ಧೂಳು ಇಳಿದಾಗ ಹಮ್ದಾನನ ಒಂದು ಕೈ ಮಾತ್ರ ಕಾಣುತ್ತಿತ್ತು.

ವರದಿ ತಿಂಗಳೊಳಗೆ ಬಂತು. ಒಂದು ಪ್ರತಿಯನ್ನು ದರ್ವೀಶನ ಕೈಗೇ ಕೊಟ್ಟರು. ಶಾಲೆಯ ಮೇಷ್ಟರು ಓದಿ ಹೇಳಿದರು: ಪರೀಕ್ಷೆ ಮಾಡಿ ನೋಡಲಾಗಿ ಸುಣ್ಣ ಮೂರೇ ತಿಂಗಳದ್ದು, ಹಸಿಯದು. ಸುಣ್ಣ ಶುದ್ಧವಾಗಿದ್ದಲ್ಲಿ ಸೆಂಟ್ರಿಂಗ್ ಇಳಿಸಲು ಒಂಬತ್ತು ದಿನ ಸಂಪೂರ್ಣ ಸಾಕು. ಆದ್ದರಿಂದ ಅಪಘಾತಕ್ಕೆ ಸುಣ್ಣ ಕೊಟ್ಟವನೇ ಹೊಣೆ. ಕೆಳಗೆ ನಜ್ಮಿಯ ರುಜು, ಮೊಹರು.

"ಪರೀಕ್ಷೆಗೆ ಸುಣ್ಣ ಯಾವಾಗ ತಗೊಂಡ್ರು?" ಎಂದು ವಜೀಹಾ ಕೇಳಿದಳು. "ಗುಂಡಿ ಕಾಯೋಳು ನಾನು. ಯಾವ ನಾಯೀನೂ ಬಂದಿಲ್ಲ."

ಮೇಷ್ಟರು ಕನ್ನಡಕ ಮಡಿಚಿ ಜೇಬಿಗೆ ಹಾಕಿಕೊಂಡರು. "ಮೊಹರು ಬಿದ್ದಿದೆಯಮ್ಮ" ಎಂದರು.

ಜದ್ಆನ್ ಬಂದಾಗ ಅವನಿಗೆ ಸಿಕ್ಕಿದ್ದು ಒಂದು ಗೋರಿ, ಒಂದು ಕಾಗದ. ಸೈನ್ಯದ ಬಟ್ಟೆಯಲ್ಲೇ ದರ್ವೀಶನ ಹೊಸ್ತಿಲ ಹೊರಗೆ ನಿಂತು ಹೇಳಿದ: "ನಿನ್ನ ಸುಣ್ಣ ನಮ್ಮಪ್ಪನ್ನ ತಿಂತು ಚಿಕ್ಕಪ್ಪ. ನೀನು ಮುದುಕ, ಅದಕ್ಕೆ ಕೈ ಎತ್ತಲ್ಲ. ಇವತ್ತಿಗೆ ನನ್ನ ಪಾಲಿಗೆ ಈ ಮನೆ ಇಲ್ಲ."

"ಜದ್ಆನ್, ಅವನೇ ಹೇಳಿದ್ದು, ಇಳಿಸು ಅಂತ. ನಾನು ಕಿವಿಯಾರೆ ಕೇಳಿದೀನಿ" ಎಂದು ವಜೀಹಾ ಒಳಗಿನಿಂದ ಓಡಿ ಬಂದಳು.

"ಕಳ್ಳನ ಮಗಳು ಇನ್ನೇನು ಹೇಳ್ತಾಳೆ?" ಎಂದು ಅವನು ಬೆನ್ನು ತಿರುಗಿಸಿದ.

ಆ ಮೇಲೆ ದರ್ವೀಶನ ಭಟ್ಟಿ ಹೊತ್ತಲಿಲ್ಲ. ಮದುವೆಯ ಮುಂಚೆ ಮನೆಗೆ ಸುಣ್ಣ ಬಳಿಯುವವರೂ ಪಕ್ಕದ ಹಳ್ಳಿಗೆ ಹೋದರು. ಮಸೀದಿಯಲ್ಲಿ ಅವನ ಎಡಬಲದ ಜಾಗ ಖಾಲಿ ಉಳಿಯತೊಡಗಿತು. ನಾಲ್ಕನೆಯ ಚಳಿಗಾಲಕ್ಕೆ ಅವನು ಹಾಸಿಗೆ ಹಿಡಿದ. ಹೋಗುವ ಮುಂಚೆ ಮಗಳಿಗೆ ಹೇಳಿದ್ದು ಒಂದೇ ಮಾತು: "ಗುಂಡೀಲಿ ನೀರು ಬತ್ತದ ಹಾಗೆ ನೋಡ್ಕೊ." ವೃತ್ತಿಯವನ ಮಾತು ಅದು. ಮೇಲೆ ನೀರು ನಿಂತಿರುವಷ್ಟು ಕಾಲ ಸುಣ್ಣ ಕೆಡುವುದಿಲ್ಲ, ದಿನ ಹೋದಂತೆ ಬಲಿಯುತ್ತದೆ. ಬತ್ತಿತೆಂದರೆ ಕಲ್ಲಾಗಿ ಹೋಗುತ್ತದೆ. ಆದರೆ ವಜೀಹಾ ಅದನ್ನು ಬೇರೆಯಾಗಿ ಕೇಳಿಸಿಕೊಂಡಳು.

ಅಪ್ಪನನ್ನು ಮಣ್ಣು ಮಾಡಿದ ದಿನ ಅವಳು ಯಾರಿಂದಲೂ ಸಾಂತ್ವನ ಸ್ವೀಕರಿಸಲಿಲ್ಲ. ಸೇಡಿನ ಲೆಕ್ಕ ತೀರದ ಸಾವಿಗೆ ಅವರಲ್ಲಿ ಸಾಂತ್ವನ ತೆಗೆದುಕೊಳ್ಳುವುದಿಲ್ಲ. ಗಂಡಸರಿರುವ ಮನೆಯಲ್ಲಿ ನಡೆಯುವ ಕ್ರಮ ಅದು. ಒಬ್ಬಂಟಿ ಹೆಣ್ಣು ಹಾಗೆ ಬಾಗಿಲು ಹಾಕಿಕೊಂಡದ್ದನ್ನು ಕಂಡು ಊರು ನಕ್ಕಿತು. "ಇವಳೇನು ಕತ್ತಿ ಹಿರಿದು ಹೊರಡ್ತಾಳಾ?" ಎಂದಿತು.

ಕತ್ತಿಯಲ್ಲ. ಆ ಬೇಸಗೆಯಲ್ಲಿ ಅವಳು ಒಬ್ಬಳೇ ಸಣ್ಣ ಭಟ್ಟಿ ಹೊತ್ತಿಸಿದಳು. ಸುಟ್ಟ ಕಲ್ಲನ್ನು ಅರಳಿಸದೆ ಹಾಗೆಯೇ ಪುಡಿ ಮಾಡಿ, ಬಟ್ಟೆಯಲ್ಲಿ ಗಂಟು ಕಟ್ಟಿ, ಸೊಂಟಕ್ಕೆ ಸಿಕ್ಕಿಸಿಕೊಂಡು ಪಟ್ಟಣದ ಬಸ್ಸು ಹತ್ತಿದಳು. ನಜ್ಮಿಯ ಕಚೇರಿಯ ಎದುರು ನಿಂತು, ಅವನು ಹೊರಬಂದಾಗ ಕಣ್ಣಿಗೆ ಎರಚುವುದು ಎಂದು ಅವಳ ಎಣಿಕೆ. ಕೋಟೆಯವರು ಮಾಡಿದ್ದನ್ನೇ ಮಾಡುವುದು. ಮೊದಲ ಮಳೆಯ ದಿನ ಅದು. ಬಸ್ ನಿಲ್ದಾಣದಿಂದ ಕಚೇರಿಗೆ ನಡೆಯುವಷ್ಟರಲ್ಲಿ ನೆಂದು ತೊಪ್ಪೆಯಾದಳು. ಸೊಂಟದ ಗಂಟು ಬಿಸಿಯಾಯಿತು, ಹಬೆಯಾಡಿತು, ಕುದಿಯಿತು. ಅವಳು ಕಿತ್ತೆಸೆಯುವ ಹೊತ್ತಿಗೆ ಅಂಗೈಯಗಲ ಚರ್ಮ ಬೆಂದು ಹೋಗಿತ್ತು. ಚರಂಡಿಯ ಪಕ್ಕ ಕೂತು ಹಲ್ಲು ಕಚ್ಚಿ ಅಳುತ್ತಿದ್ದಾಗ ನಜ್ಮಿಯ ಕಾರು ಅವಳ ಮುಂದೆಯೇ ಹೋಯಿತು. ಅವನು ಅವಳನ್ನು ನೋಡಲೂ ಇಲ್ಲ.

ಆ ಸುಟ್ಟ ಗುರುತು ಇವತ್ತಿಗೂ ಅವಳ ಎಡಸೊಂಟದ ಮೇಲಿದೆ. "ಸುಣ್ಣದವರ ಮಗಳಾಗಿ ಅರಳದ್ದನ್ನ ಕಟ್ಟಿಕೊಂಡು ಹೋದ್ನಲ್ಲ, ನನಗೆ ತಕ್ಕದ್ದೇ ಆಯ್ತು" ಎನ್ನುತ್ತಾಳೆ. ಅವಸರ ಮಾಡಬಾರದು ಎಂಬುದನ್ನು ಅವಳಿಗೆ ಆಮೇಲೆ ಯಾರೂ ಹೇಳಿಕೊಡಬೇಕಾಗಿ ಬರಲಿಲ್ಲ.

ಅಲ್ಲಿಂದ ಮುಂದೆ ಪ್ರತಿ ಬೆಳಗ್ಗೆ ಬುಗ್ಗೆಯಿಂದ ನೀರು ತಂದು ಗುಂಡಿಗೆ ಸುರಿಯುವಾಗ ಅವಳು ಒಂದು ಹೆಸರು ಹೇಳುತ್ತಿದ್ದಳು. "ನಜ್ಮಿ." ಒಂದು ಕೊಡ, ಒಂದು ಹೆಸರು. ಬುಗ್ಗೆ ಸೊರಗಿದ ವರ್ಷ ಕುಡಿಯುವ ನೀರಿನಲ್ಲೇ ಪಾಲು ಕೊಟ್ಟಳು. ಹೊಟ್ಟೆಪಾಡಿಗೆ ಆಲಿವ್ ಬಿಡಿಸಿದಳು, ಕಂಡವರ ಮನೆಯ ರೊಟ್ಟಿ ಸುಟ್ಟಳು, ಆದರೆ ಗುಂಡಿಯಿಂದ ಒಂದು ಸೌಟು ಸುಣ್ಣ ಮಾರಲಿಲ್ಲ. ಕೇಳಿದವರಿಗೆ ಹೇಳುತ್ತಿದ್ದಳು: "ಅದು ಒಬ್ಬ ಅತಿಥಿಗೆ ಅಂತ ಇಟ್ಟಿದೀನಿ."

ಕೋಟೆಗೆ ಸಿಮೆಂಟು ಬಂತು. ಒಡೆದಲ್ಲೆಲ್ಲ ಸಿಮೆಂಟು ಮೆತ್ತಿದರು. ಹತ್ತು ಚಳಿಗಾಲದೊಳಗೆ ಸಿಮೆಂಟಿನ ಪಕ್ಕದ ಹಳೆಯ ಕಲ್ಲುಗಳು ಉಪ್ಪು ಹಿಡಿದು ರೊಟ್ಟಿಯಂತೆ ಪುಡಿಯಾಗತೊಡಗಿದವು. ಕೋಟೆ ಉಳಿಯಬೇಕಾದರೆ ಎಲ್ಲ ಕಿತ್ತು ಸುಣ್ಣದಲ್ಲೇ ಕಟ್ಟಬೇಕು ಎಂದು ಹಣ ಕೊಡುವ ಹೊರಗಿನ ಸಮಿತಿ ಹೇಳಿತು. ಒಳಬಾಗಿಲ ಕಮಾನು ಮೊದಲು. ಸುಣ್ಣ ಮೂರು ವರ್ಷಕ್ಕೆ ಕಡಿಮೆಯದಾಗಿರಕೂಡದು. ಅಷ್ಟು ಹಳೆಯ ಸುಣ್ಣ ಆ ಬೆಟ್ಟಸಾಲಿನಲ್ಲಿ ಒಂದೇ ಗುಂಡಿಯಲ್ಲಿತ್ತು. ಅಷ್ಟರಲ್ಲಿ ನಜ್ಮಿ ಇಲಾಖೆಗೆ ಪ್ರಾಂತ್ಯದ ನಿರ್ದೇಶಕನಾಗಿದ್ದ, ನಿವೃತ್ತಿಗೆ ಎರಡು ವರ್ಷ ಬಾಕಿ. ಕೆಲಸ ಹಿಡಿದ ಮೇಸ್ತ್ರಿ ಹಮ್ದಾನನ ಮಗ ಜದ್ಆನನೇ.

ನಜ್ಮಿ ಮೊದಲು ಜವಾನನನ್ನು ಕಳಿಸಿದ. ವಜೀಹಾ ಅವನಿಗೆ ಊಟ ಹಾಕಿ ವಾಪಸು ಕಳಿಸಿದಳು. ಆಮೇಲೆ ಗುಮಾಸ್ತ ಬಂದ. ಅವನಿಗೆ ಊಟವನ್ನೂ ಹಾಕಲಿಲ್ಲ. ಕೊನೆಗೆ ನಜ್ಮಿಯೇ ಬಂದ, ಹೊಟ್ಟೆ ಬಂದಿತ್ತು, ಕೂದಲು ಹೋಗಿತ್ತು, ಷೂ ಮಾತ್ರ ಹಾಗೆಯೇ ಹೊಳೆಯುತ್ತಿದ್ದವು. ಜೊತೆಗೆ ಜದ್ಆನ್. ಅವನು ಇಪ್ಪತ್ತಮೂರು ವರ್ಷದ ಹಿಂದೆ ನಿಂತಿದ್ದ ಜಾಗದಲ್ಲೇ, ಹೊಸ್ತಿಲ ಹೊರಗೆ ನಿಂತ.

ವಜೀಹಾ ಏಲಕ್ಕಿ ಹಾಕಿ ಕಾಫಿ ಕಾಯಿಸಿ ತಂದಳು. ಬೇಡಿಕೆ ಹೊತ್ತು ಬಂದವರು ಅದು ಈಡೇರುವ ತನಕ ಕಾಫಿ ಮುಟ್ಟುವುದಿಲ್ಲ. ಪಟ್ಟಣದವನಾದರೂ ನಜ್ಮಿಗೆ ಅದು ಗೊತ್ತಿತ್ತು. ಬಟ್ಟಲನ್ನು ನೆಲದ ಮೇಲಿಟ್ಟು ಮುಗುಳ್ನಕ್ಕ. "ಬಂದ ಕೆಲಸ ಆಗೋವರ್ಗೂ ಕುಡಿಯಲ್ಲ ತಂಗಿ."

"ಹಾಗಾದ್ರೆ ತಣ್ಣಗಾಗುತ್ತೆ" ಎಂದಳು ವಜೀಹಾ.

"ಹಳೇದೆಲ್ಲ ಮನಸ್ಸಿನಲ್ಲಿ ಇಟ್ಕೊಬಾರದು. ನಿಮ್ಮ ತಂದೆ ಒಳ್ಳೇ ಮನುಷ್ಯ. ಆಗಿನ ಕಾಲದಲ್ಲಿ ಏನೋ ಕೈ ತಪ್ಪಿ..."

"ಯಾರ ಕೈ?"

ನಜ್ಮಿ ಕೆಮ್ಮಿದ. "ಸುಣ್ಣಕ್ಕೆ ಏನು ಬೇಕೋ ಕೇಳು. ಕೊಡಿಸ್ತೀನಿ."

"ನನಗೆ ಎರಡು ಕಾಗದ ಬೇಕು. ಒಂದು, ಗುಂಡಿಯ ತಳದಿಂದ ಸುಣ್ಣ ತೆಗೆಸಿ ಪರೀಕ್ಷೆಗೆ ಕಳಿಸಿ. ನಾಲ್ಕು ಜನದ ಎದುರಿಗೆ ತೆಗೀಬೇಕು. ಅದು ಯಾರ ಗುಂಡೀದು, ಯಾವ ವರ್ಷದ್ದು, ಹೇಗಿದೆ, ನಿಮ್ಮ ರುಜು, ನಿಮ್ಮ ಮೊಹರು."

"ಆಗ್ಲಿ. ಇನ್ನೊಂದು?"

"ಸೆಂಟ್ರಿಂಗ್ ಇಳಿಸೋ ದಿನ ಕಮಾನಿನ ಕೆಳಗೆ ನೀವು ನಿಲ್ಲಬೇಕು. ಅದನ್ನೂ ಬರೆದುಕೊಡಿ."

ನಜ್ಮಿ ಜದ್ಆನನ ಕಡೆ ನೋಡಿ ನಕ್ಕ. "ಮೇಸ್ತ್ರೀ ನಿಲ್ಲೋದು ಪದ್ಧತಿ ಅಲ್ವೇನಯ್ಯ?"

ಜದ್ಆನ್ ಹೊರಗಿನಿಂದಲೇ ಹೇಳಿದ: "ನಮ್ಮಪ್ಪ ನಿಂತಿದ್ದ. ಈ ಸಲ ಸಾಹೇಬ್ರು ನಿಲ್ಲಲಿ, ನಾನೂ ನಿಲ್ತೀನಿ. ಈ ಗುಂಡಿ ಸುಣ್ಣ ಅಂದ್ರೆ ನನಗೂ ಜೊತೆಗಾರ ಬೇಕು." ಆ ಮಾತಿನ ವಿಷ ವಜೀಹಾಳಿಗೆ ತಾಕಿತು. ಅವಳು ಎರಡು ಹಾಳೆ ತಂದು ನಜ್ಮಿಯ ಮುಂದಿಟ್ಟಳು.

ಕಾಗದ ಎಂದರೆ ಬರೀ ಹಾಳೆ, ಗಾಳಿಗೆ ಹಾರುವಂಥದ್ದು ಎಂದು ನಜ್ಮಿ ಎಣಿಸಿದ್ದಿರಬೇಕು. ಪರೀಕ್ಷೆ ಮಾಡಿಸಿ ಕೊಡುತ್ತೇನೆಂದು ಒಂದರಲ್ಲಿ, ಕೆಳಗೆ ನಿಲ್ಲುತ್ತೇನೆಂದು ಇನ್ನೊಂದರಲ್ಲಿ ಬರೆದು, ಎರಡಕ್ಕೂ ರುಜು ಹಾಕಿ ಕಾಫಿ ಎತ್ತಿಕೊಂಡ. ತಣ್ಣಗಾಗಿ ಹೋಗಿತ್ತು. ಕುಡಿದ.

ಪರೀಕ್ಷೆಯ ಫಲ ಬಂತು. ಇಷ್ಟು ಉತ್ತಮವಾದ ಸುಣ್ಣ ದೇಶದಲ್ಲಿ ಈಗ ಸಿಗುವುದು ಕಷ್ಟ ಎಂದಿತ್ತು, ಕೆಳಗೆ ನಜ್ಮಿಯ ರುಜು, ಮೊಹರು. ಹಿಂದೆ ಕಮಾನಿಗೆ ಬಳಸಿದ ಗುಂಡಿಯದೇ ಸುಣ್ಣ, ಅದೇ ಭಟ್ಟಿಯದು ಎಂದು ನಜ್ಮಿಯ ಕೈಯಿಂದಲೇ ಬರೆಸಿಕೊಂಡಿದ್ದಳು ವಜೀಹಾ. ಜದ್ಆನ್ ಗಾರೆ ಕಲಸುವ ಮೊದಲ ದಿನ ಒಂದು ಮುದ್ದೆಯನ್ನು ಅಂಗೈಯಲ್ಲಿಟ್ಟು ಬಹಳ ಹೊತ್ತು ಉಜ್ಜಿದ. ಮೂಸಿ ನೋಡಿದ. ಆ ದಿನ ಮಧ್ಯಾಹ್ನ ಅವನು ಊಟ ಮಾಡಲಿಲ್ಲ ಎಂದು ಆಳುಗಳು ಹೇಳಿದರು.

ಕಮಾನು ಏರಿತು. ಮೊದಲಿನದೇ ಅಳತೆ, ಬಿದ್ದ ಕಲ್ಲುಗಳಲ್ಲಿ ಮುರಿಯದೆ ಉಳಿದವೇ ಮುಕ್ಕಾಲು. ನೆತ್ತಿಗಲ್ಲು ಕೂತ ದಿನ ಕುರಿ ಕೊಯ್ಯುತ್ತೇನೆಂದ ಜದ್ಆನನಿಗೆ ವಜೀಹಾ ಹೇಳಿಕಳಿಸಿದಳು: ಕುರಿ ನನ್ನದು, ಊಟ ನನ್ನದು, ಆದರೆ ಇವತ್ತಲ್ಲ. ಒಂಬತ್ತನೆಯ ದಿನ. ಸಾಹೇಬರನ್ನೂ ಸಮಿತಿಯವರನ್ನೂ ಕರೆಯಿರಿ.

ಒಂಬತ್ತನೆಯ ದಿನ ಶುಕ್ರವಾರ. ಮಸೀದಿ ಬಿಟ್ಟ ಮೇಲೆ ಊರಿಗೆ ಊರೇ ಕೋಟೆಯ ಒಳಬಾಗಿಲ ಮುಂದೆ ನೆರೆಯಿತು. ಕಡಲೆ ಹಾಕಿದ ಗೋಧಿನುಚ್ಚಿನ ಅನ್ನ, ಮೇಲೆ ಮಾಂಸ, ಬೆಣ್ಣೆ. ವಜೀಹಾ ತಾನೇ ಬಡಿಸಿದಳು. ನಜ್ಮಿಯ ತಟ್ಟೆಗೆ ಕುರಿಯ ತಲೆಯ ಮಾಂಸ ಇಟ್ಟಳು. ಹಿರಿಯ ಅತಿಥಿಗೆ ಸಲ್ಲುವ ಗೌರವ ಅದು.

ಎಲ್ಲರೂ ಕೈ ತೊಳೆದ ಮೇಲೆ ಅವಳು ಸೆರಗಿನಿಂದ ಮರದ ಕೊಡತಿಯನ್ನು ತೆಗೆದು ಜದ್ಆನನ ಮುಂದೆ ಇಟ್ಟಳು.

"ಹೊಡಿ. ಬೆಣೆ ತೆಗಿ. ಸಾಹೇಬ್ರು ಕೆಳಗೆ ನಿಲ್ತಾರೆ, ಬರೆದುಕೊಟ್ಟಿದ್ದಾರೆ."

ನಜ್ಮಿ ನಕ್ಕ. ಬೇರೆ ಯಾರೂ ನಗಲಿಲ್ಲ. "ಇವತ್ತಾ? ಇವತ್ತಿಗೆ ಒಂಬತ್ತೇ ದಿನ!"

"ಒಂಬತ್ತು ಸಾಕಲ್ವಾ?"

"ತಲೆ ಕೆಟ್ಟಿದೆಯಾ ನಿಂಗೆ? ಗಾರೆ ಇನ್ನೂ ಒಳಗೆ ಹಸಿ ಇದೆ. ಈಗ ಇಳಿಸಿದ್ರೆ ಯಾವ ಕಮಾನೂ ನಿಲ್ಲಲ್ಲ. ನಲವತ್ತು ದಿನ ಬೇಕೇ ಬೇಕು!"

ಹೇಳಿದ ಮೇಲೆಯೇ ಅವನಿಗೆ ಅದು ಕೇಳಿಸಿತು.

ಯಾರೋ ತಟ್ಟೆ ಕೆಳಗಿಟ್ಟ ಸದ್ದು. ಜದ್ಆನ್ ನಿಧಾನವಾಗಿ ಎದ್ದ. "ಇನ್ನೊಂದ್ಸಲ ಹೇಳಿ ಸಾಹೇಬ್ರೇ."

"ಅಲ್ಲ, ನಾನು ಹೇಳಿದ್ದು..."

ವಜೀಹಾ ಎದೆಯ ಬಟ್ಟೆಯೊಳಗಿನಿಂದ ಹಳದಿಯಾದ ವರದಿಯನ್ನು ತೆಗೆದಳು. ಮುದುಕರಾಗಿದ್ದ ಮೇಷ್ಟರ ಕೈಗೆ ಕೊಡಲಿಲ್ಲ. ಅವಳಿಗೆ ಅದು ಬಾಯಿಪಾಠ. "ಸುಣ್ಣ ಶುದ್ಧವಾಗಿದ್ದಲ್ಲಿ ಸೆಂಟ್ರಿಂಗ್ ಇಳಿಸಲು ಒಂಬತ್ತು ದಿನ ಸಂಪೂರ್ಣ ಸಾಕು. ಇದು ನಿಮ್ಮ ಮಾತು, ಇದು ನಿಮ್ಮ ಮೊಹರು. ಸುಣ್ಣ ದೇಶದಲ್ಲೇ ಇಲ್ಲದಂಥದ್ದು, ಇದೂ ನಿಮ್ಮ ಮೊಹರು. ಎರಡೂ ನಿಜ ಅಂದ್ರೆ ಹೋಗಿ ನಿಂತ್ಕೊಳ್ಳಿ. ಹೆದರಿಕೆ ಯಾಕೆ? ಹಮ್ದಾನ್ ಮಾವ ನಿಮ್ಮ ಮಾತು ನಂಬಿ ನಿಂತಿದ್ನಲ್ಲ."

"ಆ ಕಮಾನು ಬೇರೆ... ಅದರ ಅಗಲ..."

"ಅದೇ ಅಗಲ" ಎಂದ ಜದ್ಆನ್. ಅವನ ದನಿ ಬೇರೆಯಾಗಿತ್ತು. "ಅದೇ ಕಲ್ಲು. ನಮ್ಮಪ್ಪನ ತಲೆ ಮೇಲೆ ಬಿದ್ದ ಕಲ್ಲನ್ನ ನಾನೇ ತೊಳೆದು ಕೂರಿಸಿದೀನಿ. ಸುಣ್ಣವೂ ಅದೇ. ನಾನು ಉಜ್ಜಿ ನೋಡಿದೀನಿ, ಬಲ್ಲೆ. ಬೇರೆ ಏನಿತ್ತು ಹೇಳಿ. ಇಳಿಸು ಅಂದೋರು ಯಾರು?"

ನಜ್ಮಿ ಸಮಿತಿಯವರ ಕಡೆ ನೋಡಿದ, ಕಾರಿನ ಕಡೆ ನೋಡಿದ. ಜದ್ಆನ್ ಅವನ ಕೊರಳಪಟ್ಟಿ ಹಿಡಿದು ದರದರನೆ ಕಮಾನಿನ ಕೆಳಗೆ ಎಳೆದೊಯ್ದ. ಒಂದು ಕೈಯಲ್ಲಿ ಅವನು, ಇನ್ನೊಂದರಲ್ಲಿ ಕೊಡತಿ. "ಹೇಳು! ಹೇಳದಿದ್ರೆ ಇಬ್ರೂ ಒಟ್ಟಿಗೇ ಹೋಗೋಣ!" ಮೊದಲ ಬೆಣೆಗೆ ಏಟು ಬಿತ್ತು. ಸೆಂಟ್ರಿಂಗ್ ನರಳಿತು. ಹೆಂಗಸರು ಕಿರುಚಿದರು.

"ನಾನೇ! ನಾನೇ ಇಳಿಸು ಅಂದಿದ್ದು!" ಎಂದು ನಜ್ಮಿ ಕೂಗಿಕೊಂಡ. "ಹಮ್ದಾನ್ ಬೇಡ ಅಂದಿದ್ದ. ಸುಣ್ಣ ಚೆನ್ನಾಗಿತ್ತು. ಪರೀಕ್ಷೆ ಮಾಡ್ಸಿರಲಿಲ್ಲ. ಬಿಡು, ಬಿಡಪ್ಪ ನನ್ನ!"

ಜದ್ಆನ್ ಬಿಡಲಿಲ್ಲ. ಕೊಡತಿ ಎರಡನೆಯ ಬೆಣೆಯ ಮೇಲೆ ಎದ್ದಿತು. ವಜೀಹಾಳಿಗೆ ಅದು ಇಪ್ಪತ್ತಮೂರು ವರ್ಷ ಕನಸಿನಲ್ಲಿ ಕಂಡ ದೃಶ್ಯ. ಕನಸಿನಲ್ಲಿ ಅವಳು ಯಾವತ್ತೂ ಅದನ್ನು ತಡೆದಿರಲಿಲ್ಲ. ಈಗ ಓಡಿ ಹೋಗಿ ಕೊಡತಿಯ ತಲೆಗೆ ಜೋತುಬಿದ್ದಳು.

"ಬೇಡ!"

"ಬಿಡು ವಜೀಹಾ! ಕರುಣೆ ತೋರ್ಸೋಕೆ ಹೋಗ್ಬೇಡ!"

"ಕರುಣೆ ಯಾವ ನಾಯಿಗೆ? ಇವನು ಇಲ್ಲಿ ಸತ್ರೆ ಕೋಟೆಗೋಸ್ಕರ ಪ್ರಾಣ ಕೊಟ್ಟ ಅಂತ ಗೋಡೆ ಮೇಲೆ ಹೆಸರು ಕೆತ್ತಿಸ್ತಾರೆ. ನಾಳೆ ನಿನ್ನ ಮೊಮ್ಮಕ್ಕಳು ಅದನ್ನ ಮುಟ್ಟಿ ಮುತ್ತಿಡ್ತಾರೆ. ಮತ್ತೆ ಬಿದ್ದಿದ್ದು ಯಾರ ಸುಣ್ಣದಿಂದ ಅಂತಾರೆ? ನಮ್ಮಪ್ಪಂದು! ಬದುಕಲಿ ಇವನು. ಬರೀಲಿ. ಬರೆದು, ಬದುಕಿರಲಿ."

ನಜ್ಮಿ ಬರೆದ. ಹಳೆಯ ವರದಿಯ ಬೆನ್ನ ಮೇಲೆ, ಕಮಾನಿನ ಕೆಳಗೆ ಕೂತು, ಸಮಿತಿಯವರ ಪೆನ್ನಿನಲ್ಲಿ. ರುಜುವಿನ ಪಕ್ಕ ಹೆಬ್ಬೆರಳ ಗುರುತೂ ಇರಲಿ ಎಂದಳು ವಜೀಹಾ. ಶಾಯಿ ತರುವುದು ಬೇಡ ಎಂದು ಅವಳೇ ಅವನ ಹೆಬ್ಬೆರಳನ್ನು ಗಾರೆಯ ಬಾಣಲಿಗೆ ಅದ್ದಿ ಒತ್ತಿಸಿದಳು. ಮೇಷ್ಟರು ಅದನ್ನು ಊರಿಗೆಲ್ಲ ಕೇಳುವಂತೆ ಓದಿದರು.

ಸಡಿಲಾದ ಬೆಣೆಯನ್ನು ಜದ್ಆನ್ ತಿರುಗಿ ಬಿಗಿಮಾಡಿದ. ನಲವತ್ತನೆಯ ದಿನ ನಜ್ಮಿಯನ್ನು ಇಬ್ಬರು ಕರೆತಂದರು. ಆಗಲೇ ಅವನ ಹುದ್ದೆ ಹೋಗಿತ್ತು, ಆದರೆ ಬರೆದುಕೊಟ್ಟದ್ದು ಬರೆದುಕೊಟ್ಟದ್ದೇ. ವಜೀಹಾ ಹೊರಬಾಗಿಲ ನೆತ್ತಿಗೆ ಏರಿ ಹಳೆಯ ಕಂಡಿಯಿಂದ ಅವನು ಬರುವುದನ್ನು ನೋಡಿದಳು. ಅವನ ಬೋಳುತಲೆ ನೇರ ಅವಳ ಕಾಲಡಿಯಲ್ಲೇ ಹಾದುಹೋಯಿತು. ಅವಳ ಕೈ ಖಾಲಿಯಿತ್ತು. ಕೆಳಗಿಳಿದು ಬಂದು ಕಮಾನಿನ ಎದುರು ನಿಂತಳು. ಜದ್ಆನ್ ಅವನ ಪಕ್ಕದಲ್ಲೇ ನಿಂತ. ಆಳುಗಳು ಹೊಡೆದ ಒಂದೊಂದು ಬೆಣೆಗೂ ನಜ್ಮಿ ಎರಡೂ ಕೈಯನ್ನು ತಲೆಯ ಮೇಲಿಟ್ಟುಕೊಳ್ಳುತ್ತಿದ್ದ. ಅವಳು ಒಂದು ಸಲವೂ ಕಣ್ಣು ತೆಗೆಯಲಿಲ್ಲ. ಸೆಂಟ್ರಿಂಗ್ ಕೆಳಗಿಳಿಯಿತು. ಕಲ್ಲಿನ ಸಂದಿಯಿಂದ ಚಿಟಿಕೆ ಸುಣ್ಣದ ಪುಡಿ ಉದುರಿ ಅವನ ಭುಜದ ಮೇಲೆ ಬಿತ್ತು. ಕಮಾನು ಅಲುಗಲಿಲ್ಲ.

ಆ ಸಂಜೆ ವಜೀಹಾ ಬಾಗಿಲು ತೆರೆದು ಅಪ್ಪನ ಸಾವಿಗೆ ಸಾಂತ್ವನ ಸ್ವೀಕರಿಸಿದಳು. ಹತ್ತೊಂಬತ್ತು ವರ್ಷ ತಡವಾಗಿ ಊರು ಸಾಲಾಗಿ ಬಂತು. ಸಾಲಿನ ಕೊನೆಗೆ ಜದ್ಆನ್. ಅವನು ಹೊಸ್ತಿಲು ದಾಟಿ ಕೂತ. ಕಾಫಿ ಕೊಟ್ಟಳು. ಬಟ್ಟಲನ್ನು ನೆಲದ ಮೇಲಿಟ್ಟ.

"ನನ್ನ ಕ್ಷಮಿಸಿದೆ ಅಂತ ಹೇಳೋವರ್ಗೂ ಕುಡಿಯಲ್ಲ."

"ಕಳ್ಳನ ಮಗಳು ಅಂದಿದ್ದು ಯಾರು?"

"ನಾನೇ."

"ನನ್ನ ಮಾತು ಕೇಳದೆ ಮೊಹರಿನ ಮಾತು ಕೇಳಿದ್ದು?"

"ನಾನೇ ಕಣೇ."

"ಹಾಗಾದ್ರೆ ಇಪ್ಪತ್ತಮೂರು ವರ್ಷ ತಣ್ಣಗಾಗ್ಲಿ" ಎಂದು ಅವಳು ಬಟ್ಟಲನ್ನು ಎತ್ತಿ ಗೂಡಿನಲ್ಲಿ ಇಟ್ಟಳು.

ಅದು ಅಲ್ಲೇ ಇದೆ. ಕಾಫಿ ಆರಿ ತಳದಲ್ಲಿ ಕಪ್ಪು ಕಲೆಯಾಗಿದೆ. ಜದ್ಆನ್ ಪ್ರತಿ ಶುಕ್ರವಾರ ಬಂದು ಗೂಡನ್ನು ನೋಡುತ್ತಾನೆ, "ಇನ್ನೂ ಎಷ್ಟು?" ಎನ್ನುತ್ತಾನೆ, ಅವಳು ವರ್ಷ ಹೇಳುತ್ತಾಳೆ, ಅವನು ಬುಗ್ಗೆಯಿಂದ ಎರಡು ಕೊಡ ನೀರು ಹೊತ್ತು ತಂದು ಹೋಗುತ್ತಾನೆ. ನಜ್ಮಿ ಪಟ್ಟಣದಲ್ಲಿ ಮಗಳ ಮನೆಯಲ್ಲಿದ್ದಾನೆ. ಮರ್ಸದ್‌ನವರು ಪಟ್ಟಣಕ್ಕೆ ಹೋದರೆ ಆ ಬೀದಿಯಲ್ಲೇ ಹಾದು ಬರುತ್ತಾರೆ. ಬಾಲ್ಕನಿಯಲ್ಲಿ ಕೂತವನಿಗೆ ಕೇಳುವಂತೆ "ಒಂಬತ್ತು ದಿನ ಸಾಕೇನೋ?" ಎಂದು ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತಾರೆ. ಅದನ್ನು ಅವರಿಗೆ ಹೇಳಿಕೊಟ್ಟವಳು ವಜೀಹಾ.

ವಜೀಹಾಳಿಗೆ ಈಗ ಐವತ್ತೆಂಟು. ವರ್ಷಕ್ಕೆ ಎರಡು ಭಟ್ಟಿ ಸುಡುತ್ತಾಳೆ. ಬೆಳಗ್ಗೆ ಎದ್ದು ಗುಂಡಿಗೆ ನೀರು ಹಾಕುತ್ತಾಳೆ, ಕೋಟೆಯ ಕೆಲಸದವರಿಗೆ ಸುಣ್ಣ ಅಳೆದು ಕೊಡುತ್ತಾಳೆ. ಮೂರು ವರ್ಷಕ್ಕೆ ಕಡಿಮೆಯದನ್ನು ಯಾರಿಗೂ ಕೊಡುವುದಿಲ್ಲ.